ನಿಮಗಿದು ಗೊತ್ತೇ? ಇ-ಮೇಲ್ ಸಹಿಯಲ್ಲಿ ಪ್ರತಿ ಸಲ ಹೊಸ ನುಡಿಮುತ್ತು

ಇ-ಮೇಲ್‌ನ ಕೊನೆಯಲ್ಲಿ ಹೆಸರಿನ ಕೆಳಗೆ ಸೂಕ್ತಿ ಅಂಟಿಸುವ ಚಾಳಿ ವಾಟ್ಸ್‌ಆ್ಯಪ್‌ಗಿಂತ ಬಹಳ ಹಳೆಯದು. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ‘ಫಾರ್ಚೂನ್’ ಎಂಬ ಪುಟ್ಟ ಪ್ರೋಗ್ರಾಂ ಇತ್ತು. ಕರೆದಾಗಲೆಲ್ಲ ಒಂದು ಮಾತು ಉದುರಿಸುವುದಷ್ಟೇ ಅದರ ಕೆಲಸ. ಅದನ್ನು ಸಹಿಯ ಫೈಲಿಗೆ ಜೋಡಿಸಿಬಿಟ್ಟರೆ ಪ್ರತಿ ಪತ್ರಕ್ಕೂ ಹೊಸ ಬಾಲ.

ಸಹಿ ಎಲ್ಲಿ ಶುರುವಾಯಿತೆಂದು ಮೇಲ್ ತಂತ್ರಾಂಶಕ್ಕೆ ತಿಳಿಸುವ ಗುರುತು ಎರಡು ಅಡ್ಡಗೆರೆ, ಆಮೇಲೊಂದು ಖಾಲಿ ಜಾಗ. ಕಣ್ಣಿಗೆ ಬೀಳದ ಆ ಖಾಲಿ ಜಾಗವನ್ನು ಮರೆತರೆ ಗುರುತು ಕೆಟ್ಟಿತು.

ಸಹಿ ನಾಲ್ಕು ಸಾಲು ಮೀರಬಾರದೆಂದು 1995ರ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿ ಹೇಳಿತ್ತು. ಸರ್ವಜ್ಞನ ತ್ರಿಪದಿಗೆ ಮೂರು ಸಾಲು, ನಿಮ್ಮ ಹೆಸರಿಗೆ ಒಂದು. ಲೆಕ್ಕ ಸರಿಹೋಯಿತು!

ಸೂಕ್ತಿಗಳಿಗೆ ದೂರ ಹೋಗಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ಕೃತಿಯಿದೆ. ಚುಟುಕು ಪ್ರಶ್ನೆ, ಚುಟುಕು ಉತ್ತರ. ಬಿಡಿಬಿಡಿಯಾಗಿ ಫೈಲಿಗೆ ಹಾಕಲು ಹೇಳಿ ಮಾಡಿಸಿದಂತಿದೆ. ಅದು ಶಂಕರಾಚಾರ್ಯರದೆನ್ನುವವರೂ ಇದ್ದಾರೆ. ಟಿಬೆಟನ್ ಭಾಷೆಗೂ ಅದು ಹೋಗಿತ್ತು. 

ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಗ್ರಂಥಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಕರಿದ್ದರೆಂದು 1058ರ ಶಾಸನ ಹೇಳುತ್ತದೆ. ಸೂಕ್ತಿ ಆರಿಸುವ ಹತ್ತು ಸಾಲಿನ ಪ್ರೋಗ್ರಾಂ ಬರೆಯುವವರಿಗೂ ಅಂಥ ಭಂಡಾರಿಕನೊಬ್ಬ ಬೇಕು. ಏಕೆಂದರೆ ಆರಿಸುವುದು ಸುಲಭ. ಯಾರ ಮಾತು ಯಾರದೆಂದು ನೋಡಿಕೊಳ್ಳುವುದೇ ಕಷ್ಟ.

ವಚನಗಳನ್ನೇ ತೆಗೆದುಕೊಳ್ಳಿ. ಅಂಕಿತ ಹುಡುಕಿ ವಚನಕಾರರ ಹೆಸರನ್ನು ತಾನಾಗಿಯೇ ಸೇರಿಸುವ ಪ್ರೋಗ್ರಾಂ ಬರೆಯಬಹುದು. ಆದರೆ ‘ಸಂಗಮದೇವ’ ಎಂದಷ್ಟೇ ಹುಡುಕಿದರೆ ಬಸವಣ್ಣನವರ ‘ಕೂಡಲಸಂಗಮದೇವ’ದ ಜತೆ ಚೆನ್ನಬಸವಣ್ಣನವರ ‘ಕೂಡಲಚೆನ್ನಸಂಗಮದೇವ’ವೂ ಸಿಕ್ಕಿಬೀಳುತ್ತದೆ. ‘ಮಲ್ಲಿಕಾರ್ಜುನ’ ಎಂದು ಹುಡುಕಿದರೆ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನೂ ಸೊನ್ನಲಿಗೆಯ ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಕ್ಕನ ವಚನಕ್ಕೆ ಸಿದ್ಧರಾಮನ ಹೆಸರು ಹಾಕಿ ಮೇಲಧಿಕಾರಿಗೆ ಮೇಲ್ ಕಳಿಸಿದರೆ ಪ್ರೋಗ್ರಾಂನ ತಪ್ಪೆಂದು ಯಾರೂ ಒಪ್ಪುವುದಿಲ್ಲ. ಅಂಕಿತವನ್ನು ಪೂರ್ತಿಯಾಗಿಯೇ ಹುಡುಕಬೇಕು.

ಪೂರ್ತಿ ಹುಡುಕಿದರೂ ‘ಗುಹೇಶ್ವರ’ ಎಂಬ ಅಂಕಿತ ಸಿಗದೇ ಹೋಗಬಹುದು! ಯುನಿಕೋಡ್‌ನಲ್ಲಿ ‘ಹೇ’ಯ ಏತ್ವ, ದೀರ್ಘ ಎರಡೂ ಸೇರಿದ ಒಂದೇ ಸಂಕೇತವಿದೆ, ಎರಡನ್ನೂ ಬಿಡಿಯಾಗಿ ಬರೆಯುವ ದಾರಿಯೂ ಇದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಂಡು ಆಮೇಲೆ ಹುಡುಕುವುದೇ ಇದಕ್ಕೆ ಮದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಕಥೆಯೇ ಬೇರೆ. ಯುನಿಕೋಡ್‌ಗೆ ಬದಲಿಸದೆ ಕಳಿಸಿದರೆ ಆ ಕಡೆಯವರಿಗೆ ಬಸವಣ್ಣನವರ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ನೂರು ಸೂಕ್ತಿಗಳಿವೆ, ಪ್ರತಿ ಸಲ ಒಂದನ್ನು ಕಣ್ಣುಮುಚ್ಚಿ ಎತ್ತುತ್ತೀರಿ ಎನ್ನಿ. ಹದಿಮೂರನೇ ಪತ್ರದೊಳಗೆ ಯಾವುದಾದರೂ ಒಂದು ಮರುಕಳಿಸುವ ಸಂಭವ ಅರ್ಧಕ್ಕಿಂತ ಹೆಚ್ಚು. ‘ಪ್ರೋಗ್ರಾಂ ಕೆಟ್ಟಿದೆ’ ಎಂದು ಗೊಣಗುವವರಿಗೆ ಇದು ಉತ್ತರ. ಹಾಗಾಗಬಾರದೆಂದರೆ ಪಟ್ಟಿಯನ್ನು ಇಸ್ಪೀಟಿನಂತೆ ಕಲಸಿ, ಮೇಲಿನಿಂದ ಒಂದೊಂದಾಗಿ ಹಂಚಿ, ಮುಗಿದ ಮೇಲೆ ಮತ್ತೆ ಕಲಸಬೇಕು. ಹಾಗೆ ಕಲಸುವ ವಿಧಾನವನ್ನು ಫಿಷರ್ ಮತ್ತು ಯೇಟ್ಸ್ 1938ರಲ್ಲಿ ಕೊಟ್ಟರು. ಡರ್ಸ್ಟನ್‌ಫೆಲ್ಡ್ 1964ರಲ್ಲಿ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು.

ಹೀಗೆ ಕಲಸಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸುವ ಯಾದೃಚ್ಛಿಕ ಸಂಖ್ಯೆಗಳ ಸರಣಿ ಮೊದಲಿನಿಂದ ಮರುಕಳಿಸಲು ಎಷ್ಟು ಸಂಖ್ಯೆಗಳು ದಾಟಬೇಕು? ಆ ಎಣಿಕೆಯನ್ನು ಬರೆಯಲು ಆರು ಸಾವಿರಕ್ಕೂ ಹೆಚ್ಚು ಅಂಕಿಗಳು ಬೇಕು. ಸೂಕ್ತಿಗೆ ಅದು ಧಾರಾಳವಾಯಿತು. ಪಾಸ್‌ವರ್ಡಿಗೆ ಮಾತ್ರ ಅದನ್ನು ನಂಬಬೇಡಿ.

ಜಿಮೇಲ್‌ನಲ್ಲಿ ಸಹಿಗೆ 10,000 ಅಕ್ಷರಗಳವರೆಗೆ ಜಾಗವಿದೆ, ಆದರೆ ಅದನ್ನು ತಾನಾಗಿ ಬದಲಿಸುವ ಗುಂಡಿ ಇಲ್ಲ. ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಬರೆದು ದಿನಕ್ಕೊಮ್ಮೆ ಓಡುವಂತೆ ಹೊಂದಿಸಬಹುದು. ಅದು ಗೂಗಲ್ ಸರ್ವರಿನಲ್ಲೇ ಓಡುವುದರಿಂದ ವಾಡಿಯಲ್ಲೋ ಚಿಂಚೋಳಿಯಲ್ಲೋ ಕರೆಂಟು ಹೋದರೂ ಸಹಿ ಬದಲಾಗುತ್ತದೆ.

ಹಕ್ಕುಸ್ವಾಮ್ಯ? ವಚನ, ತ್ರಿಪದಿಗಳ ಮೂಲಕ್ಕೆ ಆ ತಕರಾರಿಲ್ಲ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. ನಮ್ಮ ಕಾನೂನು ಲೇಖಕರ ಮರಣಾನಂತರ 60 ವರ್ಷ ಎಣಿಸುವುದರಿಂದ ಅವರ ಕಗ್ಗದ 945 ಪದ್ಯಗಳನ್ನೂ ಒಂದೇ ಫೈಲಿಗೆ ತುಂಬಿ ಊರಿಗೆಲ್ಲ ಹಂಚಬೇಕೆನ್ನುವವರು 2035 ಮುಗಿಯುವವರೆಗೆ ಕಾಯಬೇಕು.