ಪುಸ್ತಕ ಯಾರ ಮನೆಯದು?

ಕೊಡೇಕಲ್ ಎಂದರೆ ಸುರಪುರ–ಶಹಾಪುರ ಸೀಮೆಯವರಿಗೆ ಮೊದಲು ನೆನಪಾಗುವುದು 16ನೇ ಶತಮಾನದ ಕೊಡೇಕಲ್ ಬಸವಣ್ಣ, ಅವನ ಬೆನ್ನಿಗೇ ಕಾಲಜ್ಞಾನ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಈ ಪರಂಪರೆಯ ಕೆಲವು ಹೊತ್ತಿಗೆಗಳು ಅಮರಗನ್ನಡ ಎಂಬ ಗುಪ್ತಲಿಪಿಯಲ್ಲಿವೆ. ಕನ್ನಡ ಬಲ್ಲವರಿಗೂ ಅದು ಸುಲಭಕ್ಕೆ ದಕ್ಕುವುದಿಲ್ಲ. ಇಂಥ ಪುಸ್ತಕವನ್ನು ಕೊಂಡೂ ಉಪಯೋಗವಿಲ್ಲ, ಕದ್ದೂ ಉಪಯೋಗವಿಲ್ಲ. ಅಕ್ಷರ ಬಿಡಿಸುವ ವಿದ್ಯೆ ಗೊತ್ತಿದ್ದವನೇ ಅದರ ನಿಜವಾದ ಒಡೆಯ. ಮಠದ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಬಂತೆಂದು ಹುಡುಕುತ್ತ ಹೋದರೆ, ಯಾರಿಗೆ ಯಾರು ಓದು ಕಲಿಸಿದರು ಎಂಬಲ್ಲಿಗೆ ಹೋಗಿ ಮುಟ್ಟುತ್ತೇವೆ.

ಹಳೆಯ ಪುಸ್ತಕಗಳ ಒಡೆತನ ಪತ್ತೆಮಾಡುವುದು ಒಂದು ಕಸುಬೇ ಹೌದು. ಸಾಹಿತ್ಯ ಓದುವವರು ಮೊದಲ ಓಲೆಗರಿಯಿಂದ ಶುರುಮಾಡಿದರೆ ಈ ಕಸುಬಿನವರು ಕಟ್ಟನ್ನು ತಿರುವಿ ಕೊನೆಯ ಗರಿ ನೋಡುತ್ತಾರೆ. ‘ಮಂಗಳ ಮಹಾಶ್ರೀ’ಯ ಆಸುಪಾಸಿನಲ್ಲಿ ಬರೆದವನ ಹೆಸರು, ಯಾರಿಗೆ ಬರೆದುಕೊಟ್ಟ, ಸಂವತ್ಸರ, ತಿಥಿ, ವಾರ ಸಿಗಬಹುದು. ಸಂವತ್ಸರವೊಂದನ್ನೇ ನಂಬಿದರೆ ಕೆಟ್ಟಂತೆ: ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಶುಭಕೃತು ಎಂದಷ್ಟೇ ಇದ್ದರೆ 1842 ಆಗಬಹುದು, 1902 ಆಗಬಹುದು. ಆಗ ತಿಥಿಗೂ ವಾರಕ್ಕೂ ತಾಳೆ ಹಾಕಿ ಹೊಂದದ ವರ್ಷಗಳನ್ನು ಕೈಬಿಡಬೇಕು. ಆಮೇಲಿನ ಒಡೆಯನೊಬ್ಬ ಮಸಿ ತುಂಬದೆ, ಓಲೆ ಕೊರೆಯುವ ಕಂಠದಿಂದ ಬರಿದೇ ಗೀರಿದ ಹೆಸರಿದ್ದರೆ ಬೆಳಕನ್ನು ಓರೆಯಾಗಿ ಹಿಡಿದೇ ಓದಬೇಕು. ಹಲಗೆ, ದಾರ, ಸುತ್ತಿದ ಬಟ್ಟೆ ಇವೂ ಸಾಕ್ಷಿಗಳೇ.

ಅರಮನೆಯ ಪುಸ್ತಕಗಳಲ್ಲಿ ಈ ಕೆಲಸ ಸ್ವಲ್ಪ ಹಗುರ, ಮೊಹರುಗಳಿರುತ್ತವೆ. ಕೊಡೇಕಲ್‌ಗೆ ವಾಯವ್ಯದಲ್ಲಿರುವ ವಿಜಯಪುರದ ಆದಿಲ್‌ಶಾಹಿ ಪುಸ್ತಕಗಳನ್ನೇ ನೋಡಿ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಮೊಹರು, ಭಂಡಾರಕ್ಕೆ ಸೇರಿದ ಬಗೆಗಿನ ಟಿಪ್ಪಣಿ ಅವುಗಳ ಮೇಲಿವೆ. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೂ ಅಸರ್ ಮಹಲಿನಲ್ಲಿ ಉಳಿದಿದ್ದ ಸಂಗ್ರಹವನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. 1877ರಲ್ಲಿ ಆಟೊ ಲಾತ್ ಪ್ರಕಟಿಸಿದ ಅರಬ್ಬೀ ಹಸ್ತಪ್ರತಿಗಳ ಸೂಚಿಯಲ್ಲಿ ಅವು ಸೇರಿಕೊಂಡವು. ಈಗಿರುವುದು ಬ್ರಿಟಿಷ್ ಲೈಬ್ರರಿಯಲ್ಲಿ. ಊರು ಬಿಟ್ಟರೂ ಅವುಗಳ ವಿಳಾಸ ಅಳಿಯಲಿಲ್ಲ. 1570ರಲ್ಲಿ ಇದೇ ಆಸ್ಥಾನದಲ್ಲಿ ಸಿದ್ಧವಾದ ಸಚಿತ್ರ ‘ನುಜೂಮ್ ಉಲ್ ಉಲೂಮ್’ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯ ಸೇರಿದೆ.

ನಮ್ಮ ಮನೆಮಠಗಳ ಓಲೆಕಟ್ಟುಗಳಿಗೆ ಆ ಭಾಗ್ಯವಿಲ್ಲ. ಊರಲ್ಲೇ ಇದ್ದೂ ವಿಳಾಸ ಕಳೆದುಕೊಂಡವು. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನದ ಕಟ್ಟುಗಳನ್ನು ಕೂಡಿಸಿದ್ದರಿಂದ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಕನ್ನಡಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಆದರೆ ಆಮೇಲೆ ಬಂದ ನಮ್ಮ ಶಾಸ್ತ್ರೀಯ ಸಂಪಾದನೆಗಳಲ್ಲಿ ಪ್ರತಿಗಳಿಗೆ ಅ, ಆ, ಕ, ಖ ಎಂದು ಹೆಸರಿಡುವ ರೂಢಿ ಬಂತು. ಪಾಠಾಂತರ ತೋರಿಸಲು ಬಲು ಅನುಕೂಲ, ನಿಜ. ಒಳ್ಳೆಯ ಸಂಪಾದಕರು ಪೀಠಿಕೆಯಲ್ಲಿ ಮನೆತನದ ಹೆಸರನ್ನೂ ಹೇಳಿದರು. ಉಳಿದವರ ಕೈಯಲ್ಲಿ ನಾಲ್ಕಾರು ತಲೆಮಾರು ಪೂಜೆಗೊಂಡ ಕಟ್ಟು ಒಂದು ಅಕ್ಷರವಾಗಿ ಅಡಿಟಿಪ್ಪಣಿಯಲ್ಲಿ ಕೂತುಬಿಟ್ಟಿತು. ಇದು ನನಗೆ ಸಣ್ಣ ನಷ್ಟವೆನಿಸುವುದಿಲ್ಲ. ಒಂದೇ ಕಾವ್ಯ ಜಂಗಮರ ಮಠದಲ್ಲಿತ್ತೋ, ವ್ಯಾಪಾರಿಯ ಜಗಲಿಯಲ್ಲಿತ್ತೋ ತಿಳಿದರೆ ತಾನೆ ಅದನ್ನು ಓದುತ್ತಿದ್ದವರು ಯಾರೆಂದು ತಿಳಿಯುವುದು?

ಗರಿಯ ಮೇಲೆ ಬರೆಯದ ಒಂದು ದಾರಿಯೂ ಇದೆ. ಮಗಳ ಜೊತೆ ಗಂಡನ ಮನೆಗೆ ಬಂದ ಪುಸ್ತಕ, ಪಾಲಾದಾಗ ತಮ್ಮನಿಗೆ ಹೋದ ಪುಸ್ತಕ, ಸಾಲಕ್ಕೆ ಒತ್ತೆಬಿದ್ದ ಪುಸ್ತಕ. ಇದನ್ನೆಲ್ಲ ಹೇಳಬಲ್ಲವರು ಮನೆಯ ಹಿರಿಯ ಹೆಣ್ಣುಮಕ್ಕಳು, ಅವರನ್ನು ಕೇಳುವವರೇ ಕಡಿಮೆ. ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಕಟ್ಟು ಒಪ್ಪಿಸುವವರು ಹಳೆಯ ಬಟ್ಟೆ ಬಿಸಾಕಿ ಹೊಸದನ್ನು ಸುತ್ತಬಾರದು. ಇದ್ದಹಾಗೇ ಫೋಟೊ ತೆಗೆದು, ಅಜ್ಜಿ ಹೇಳಿದ್ದನ್ನು ಊರು, ಮನೆತನ, ಅಡ್ಡಹೆಸರು ಸಮೇತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಬೇಕು.