ರಿಚರ್ಡ್ ಮ್ಯಾಕ್‌ಬ್ರೈಡ್: ಜನಪ್ರಿಯತೆ, ಭೂಮಿ ಮತ್ತು ಮೌಖಿಕ ಸಾಕ್ಷ್ಯ

ರಾಜಕೀಯ ನಾಯಕನೊಬ್ಬನ ಜನಪ್ರಿಯತೆಯನ್ನು ಅಳೆಯುವ ಮುನ್ನ ‘ಜನ’ ಎಂಬ ಶಬ್ದದ ವ್ಯಾಪ್ತಿಯನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಮತ ಚಲಾಯಿಸುವವರು ಮಾತ್ರ ಜನರೆ? ಅಥವಾ ಆ ನೆಲದಲ್ಲಿ ಬಾಳುವ ಎಲ್ಲರೂ ಜನರೆ? ಕೆನಡಾದ ಪಶ್ಚಿಮ ಅಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವನ್ನು 1903ರಿಂದ 1915ರವರೆಗೆ ಆಳಿದ ಸರ್ ರಿಚರ್ಡ್ ಮ್ಯಾಕ್‌ಬ್ರೈಡ್‌ನ ರಾಜಕೀಯ ಜೀವನ ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಮುಂದಿಡುತ್ತದೆ.

ಮ್ಯಾಕ್‌ಬ್ರೈಡ್ ಹುಟ್ಟಿದ್ದು 1870ರ ಡಿಸೆಂಬರ್ 15ರಂದು, ನ್ಯೂ ವೆಸ್ಟ್‌ಮಿನ್‌ಸ್ಟರ್ ಪಟ್ಟಣದಲ್ಲಿ. ಆಗ ಬ್ರಿಟಿಷ್ ಕೊಲಂಬಿಯಾ ಇನ್ನೂ ಪ್ರತ್ಯೇಕ ವಸಾಹತು; ಅದು ಕೆನಡಾ ಒಕ್ಕೂಟವನ್ನು ಸೇರಿದ್ದು 1871ರಲ್ಲಿ. ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ಆತ 1898ರಲ್ಲಿ ಶಾಸನಸಭೆಗೆ ಆಯ್ಕೆಯಾದ. 1900ರಲ್ಲಿ ಗಣಿ ಖಾತೆಯ ಮಂತ್ರಿಯಾಗಿ, ಮರುವರ್ಷ ರಾಜೀನಾಮೆ ನೀಡಿ ವಿರೋಧಪಕ್ಷದ ಕಡೆಗೆ ಸರಿದ. ಆ ಕಾಲದ ಪ್ರಾಂತೀಯ ರಾಜಕಾರಣದಲ್ಲಿ ಪಕ್ಷಗಳಿರಲಿಲ್ಲ. ವ್ಯಕ್ತಿಗಳ ಸುತ್ತ ಗುಂಪುಗಳು ಕೂಡುತ್ತಿದ್ದವು, ಒಡೆಯುತ್ತಿದ್ದವು. 1898ರಿಂದ 1903ರ ನಡುವೆ ಐದು ಮಂದಿ ಪ್ರೀಮಿಯರ್‌ಗಳು ಅಧಿಕಾರ ಕಳೆದುಕೊಂಡಿದ್ದರು. ಪ್ರೀಮಿಯರ್ ಎಂದರೆ ಪ್ರಾಂತೀಯ ಸರ್ಕಾರದ ಮುಖ್ಯಸ್ಥ. ಭಾರತದ ರಾಜ್ಯಗಳ ಮುಖ್ಯಮಂತ್ರಿಗೆ ಸಮಾನವಾದ ಹುದ್ದೆ. 1903ರ ಜೂನ್ 1ರಂದು, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಈ ಹುದ್ದೆಗೇರಿದ ಮ್ಯಾಕ್‌ಬ್ರೈಡ್ ತನ್ನ ಸರ್ಕಾರವನ್ನು ಕನ್ಸರ್ವೇಟಿವ್ ಪಕ್ಷದ ಸರ್ಕಾರವೆಂದು ಘೋಷಿಸಿ, ಪಕ್ಷಪದ್ಧತಿಯ ರಾಜಕಾರಣಕ್ಕೆ ಅಲ್ಲಿ ನೆಲೆ ಒದಗಿಸಿದ. ಅದೇ ಪ್ರಾಂತ್ಯದಲ್ಲಿ ಹುಟ್ಟಿ ಪ್ರೀಮಿಯರ್ ಆದವರಲ್ಲಿ ಆತನೇ ಮೊದಲಿಗ.

ನಂತರದ ಹನ್ನೆರಡು ವರ್ಷಗಳು ಯಶಸ್ಸಿನ ಕಥನದಂತೆ ತೋರುತ್ತವೆ. 1906ರಲ್ಲಿ ಒಟ್ಟಾವಾದಲ್ಲಿ ನಡೆದ ಪ್ರಾಂತ್ಯಗಳ ಸಮ್ಮೇಳನದಲ್ಲಿ ತನ್ನ ಪ್ರಾಂತ್ಯಕ್ಕೆ ನ್ಯಾಯವಾದ ಅನುದಾನ ದೊರೆಯಲಿಲ್ಲವೆಂದು ಮ್ಯಾಕ್‌ಬ್ರೈಡ್ ಸಭೆಯಿಂದ ಹೊರನಡೆದ. ಮರುವರ್ಷದ ಚುನಾವಣೆಯಲ್ಲಿ ಅದೇ ಆತನ ಬಲವಾಯಿತು. 1908ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೆ ಶಾಸನ ರೂಪುಗೊಂಡಿತು. 1909ರಲ್ಲಿ ಕೆನೇಡಿಯನ್ ನಾರ್ದರ್ನ್ ರೈಲ್ವೆಯ ಹೊಸ ಮಾರ್ಗಕ್ಕೆ ಮೈಲಿಗೆ 35,000 ಡಾಲರಿನಂತೆ ಸಾಲಪತ್ರಗಳ ಖಾತರಿಯನ್ನು ಸರ್ಕಾರವೇ ಹೊತ್ತಿತು. ಇದನ್ನೊಪ್ಪದ ಇಬ್ಬರು ಮಂತ್ರಿಗಳು ಹೊರಬಂದರೂ ಮತದಾರರು 42 ಸ್ಥಾನಗಳಲ್ಲಿ 38ನ್ನು ಆತನ ಪಕ್ಷಕ್ಕೆ ಕೊಟ್ಟರು. 1912ರಲ್ಲಿ ಆ ಸಂಖ್ಯೆ 39ಕ್ಕೇರಿತು. ಲಿಬರಲ್ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಅದೇ ವರ್ಷ ಆತನಿಗೆ ‘ಸರ್’ ಪದವಿ ಸಂದಿತು. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ, ಚಿಲಿ ದೇಶಕ್ಕೆಂದು ಸಿಯಾಟಲ್‌ನಲ್ಲಿ ನಿರ್ಮಾಣಗೊಂಡಿದ್ದ ಎರಡು ಜಲಾಂತರ್ಗಾಮಿಗಳನ್ನು 11,50,000 ಡಾಲರಿಗೆ ಆತ ಕೊಂಡುಬಿಟ್ಟ. ಕೇಂದ್ರ ಸರ್ಕಾರ ಅವುಗಳನ್ನು ವಹಿಸಿಕೊಳ್ಳುವವರೆಗಿನ ಕೆಲವು ದಿನ ಒಂದು ಪ್ರಾಂತ್ಯವೇ ನೌಕಾಬಲ ಹೊಂದಿದ್ದ ವಿಚಿತ್ರ ಸನ್ನಿವೇಶ ಏರ್ಪಟ್ಟಿತು.

ಆತನಿಗೆ ಜನ ಇಟ್ಟ ಅಡ್ಡಹೆಸರುಗಳು ಇಲ್ಲಿ ಗಮನಾರ್ಹ. ರಿಚರ್ಡ್ ಎಂಬುದರ ಸಲುಗೆಯ ರೂಪವಾದ ‘ಡಿಕ್’ಗೆ ‘ಜನರ’ ಎಂಬ ವಿಶೇಷಣ ಸೇರಿತು. ಕಂಡವರ ಕೈಯನ್ನೆಲ್ಲ ನಗುನಗುತ್ತ ಕುಲುಕುವವನೆಂಬ ಅರ್ಥದ ಇನ್ನೊಂದು ಹೆಸರೂ ಬಳಕೆಯಲ್ಲಿತ್ತು. ಅಡ್ಡಹೆಸರು ಜನಪದದ ತೀರ್ಪು. ಆದರೆ ಆ ಕೈ ಎಲ್ಲರ ಕಡೆಗೂ ಚಾಚಲಿಲ್ಲ.

ಚೀನೀಯರಿಗೆ, ಜಪಾನೀಯರಿಗೆ ಹಾಗೂ ಮೂಲನಿವಾಸಿಗಳಿಗೆ ಆ ಪ್ರಾಂತ್ಯದಲ್ಲಿ ಮೊದಲೇ ಮತದ ಹಕ್ಕಿರಲಿಲ್ಲ. 1907ರಲ್ಲಿ ಮ್ಯಾಕ್‌ಬ್ರೈಡ್ ಸರ್ಕಾರ ಭಾರತೀಯ ಮೂಲದವರನ್ನೂ ಆ ಪಟ್ಟಿಗೆ ಸೇರಿಸಿತು. 1914ರ ಮೇ ತಿಂಗಳಲ್ಲಿ ‘ಕೊಮಾಗಾಟ ಮಾರು’ ಹಡಗು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಅವರು ನೆಲಕ್ಕಿಳಿಯುವುದನ್ನು ವಿರೋಧಿಸಿದವರಲ್ಲಿ ಪ್ರೀಮಿಯರ್ ಕೂಡ ಒಬ್ಬ. ಎರಡು ತಿಂಗಳ ಬಳಿಕ ಹಡಗು ಬಹುತೇಕ ಎಲ್ಲರನ್ನೂ ಹೊತ್ತು ಹಿಂದಿರುಗಿತು. ಭಾರತೀಯರಿಗೂ ಚೀನೀಯರಿಗೂ ಪ್ರಾಂತೀಯ ಮತದ ಹಕ್ಕು ದೊರೆತದ್ದು 1947ರಲ್ಲಿ. ಮೂಲನಿವಾಸಿಗಳಿಗೂ ಜಪಾನೀಯರಿಗೂ 1949ರಲ್ಲಿ.

ಇದಕ್ಕಿಂತ ಆಳವಾದ ಪ್ರಶ್ನೆ ಭೂಮಿಯದು. ವ್ಯಾಂಕೂವರ್ ದ್ವೀಪದ ಕೆಲವು ಭಾಗಗಳು ಹಾಗೂ ಈಶಾನ್ಯ ಮೂಲೆಯನ್ನುಳಿದು ಪ್ರಾಂತ್ಯದ ಬಹುಭಾಗದಲ್ಲಿ ಮೂಲನಿವಾಸಿಗಳೊಂದಿಗೆ ಯಾವ ಒಪ್ಪಂದವೂ ಆಗಿರಲಿಲ್ಲ. ನೆಲದ ಒಡೆತನ ತಮ್ಮದೆಂದು ಅವರು, ಅಂಥ ಒಡೆತನವೇ ಇಲ್ಲವೆಂದು ಸರ್ಕಾರ. 1911ರಲ್ಲಿ ವಿಕ್ಟೋರಿಯಾಕ್ಕೆ ಬಂದ ಮುಖಂಡರ ನಿಯೋಗ ಈ ವಿವಾದವನ್ನು ನ್ಯಾಯಾಲಯಕ್ಕೊಪ್ಪಿಸಬೇಕೆಂದು ಕೇಳಿದಾಗ ಮ್ಯಾಕ್‌ಬ್ರೈಡ್ ಒಪ್ಪಲಿಲ್ಲ. ಬದಲಿಗೆ 1912ರಲ್ಲಿ ಕೇಂದ್ರದ ಪ್ರತಿನಿಧಿ ಮೆಕೆನ್ನಾ ಜೊತೆ ಒಂದು ಒಡಂಬಡಿಕೆಗೆ ಸಹಿ ಹಾಕಿದ. ಅದರ ಪ್ರಕಾರ ರಚನೆಯಾದ ಐವರ ಆಯೋಗ 1913ರಿಂದ 1916ರವರೆಗೆ ಪ್ರಾಂತ್ಯದುದ್ದಕ್ಕೂ ಸಂಚರಿಸಿತು. ಮ್ಯಾಕ್‌ಬ್ರೈಡ್ ಅದರ ಸದಸ್ಯನಲ್ಲದಿದ್ದರೂ ಆಯೋಗಕ್ಕೆ ‘ಮೆಕೆನ್ನಾ–ಮ್ಯಾಕ್‌ಬ್ರೈಡ್’ ಎಂಬ ಹೆಸರೇ ನಿಂತಿತು. ಮೂಲನಿವಾಸಿಗಳಿಗೆ ಮೀಸಲಿಟ್ಟ ಭೂಮಿಯ ವಿಸ್ತೀರ್ಣವನ್ನು ಹೆಚ್ಚಿಸಬೇಕೆ, ಕಡಿತಗೊಳಿಸಬೇಕೆ ಎಂಬುದಷ್ಟೇ ಅದರ ಕೆಲಸ. ಒಡೆತನದ ಪ್ರಶ್ನೆ ಅದರ ವ್ಯಾಪ್ತಿಯ ಹೊರಗಿತ್ತು.

ಆಯೋಗ ಸುಮಾರು 87,000 ಎಕರೆ ಸೇರಿಸಲು, ಸುಮಾರು 47,000 ಎಕರೆ ಕಡಿತಗೊಳಿಸಲು ಶಿಫಾರಸು ಮಾಡಿತು. ಅಂಕಿಗಳು ಉದಾರವೆನಿಸಬಹುದು. ಆದರೆ ಕಡಿತಗೊಂಡದ್ದು ಹೆಚ್ಚು ಬೆಲೆಬಾಳುವ ನೆಲ, ಸೇರಿಸಿದ್ದು ಬಹುಮಟ್ಟಿಗೆ ಕಡಿಮೆ ಬೆಲೆಯದು. ಸಂಬಂಧಪಟ್ಟವರ ಸಮ್ಮತಿಯಿಲ್ಲದೆ ಕಡಿತ ಮಾಡುವುದಿಲ್ಲವೆಂಬ ಭರವಸೆಯನ್ನು 1920ರ ಕಾಯ್ದೆ ಮುರಿಯಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ ಸಂಗತಿ ಇರುವುದು ಇಲ್ಲಿಯೇ. ಆಯೋಗ ಹೋದಲ್ಲೆಲ್ಲ ಹಿರಿಯರು ದುಭಾಷಿಗಳ ಮೂಲಕ ಮಾತನಾಡಿದರು. ಆ ಮಾತು ಬರಹಕ್ಕಿಳಿಯಿತು. ಆಯೋಗ ಕೇಳಿದ್ದು ಎಕರೆಗಳ ಲೆಕ್ಕ. ಉತ್ತರವಾಗಿ ಬಂದದ್ದು ಮೀನು ಹಿಡಿಯುವ ತಾಣಗಳು, ಹಿರಿಯರ ಸಮಾಧಿಗಳು, ವಲಸಿಗರು ಹಾಕಿದ ಬೇಲಿಗಳು. ಒಡೆತನದ ಮಾತೆತ್ತಿದವರಿಗೆ ಅದು ತಮ್ಮ ಅಧಿಕಾರಕ್ಕೆ ಸೇರಿದ್ದಲ್ಲವೆಂದು ಆಯೋಗದವರು ಹೇಳಿದರು. ಹಾಗಿದ್ದರೂ ಮಾತು ಕಡತದಲ್ಲಿ ಉಳಿಯಿತು. ಭೂಮಿ ಕಡಿತಗೊಳಿಸಲೆಂದು ಹುಟ್ಟಿದ ದಾಖಲೆ, ಆ ಭೂಮಿಯೊಂದಿಗಿನ ಸಂಬಂಧವನ್ನು ಅದರ ಮಕ್ಕಳ ಬಾಯಿಂದಲೇ ಕಾಪಿಟ್ಟ ಆಕರವಾಯಿತು.

ಹಾಗಿದ್ದರೂ ಲಿಪಿಗಿಳಿಯದ ಮಾತಿಗೆ ಮಾನ್ಯತೆ ದೊರೆಯಲು ಇನ್ನೂ ಬಹುಕಾಲ ಬೇಕಾಯಿತು. ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಸಮುದಾಯಗಳು ಹೂಡಿದ ದಾವೆಯಲ್ಲಿ ಹಿರಿಯ ಮಹಿಳೆಯೊಬ್ಬರು ಮನೆತನದ ಹಾಡನ್ನೇ ಸಾಕ್ಷ್ಯವಾಗಿ ಹಾಡಲು ಮುಂದಾದಾಗ ವಿಚಾರಣಾ ನ್ಯಾಯಾಧೀಶರು ಆಕ್ಷೇಪಿಸಿದ್ದರು. ಆಕೆ ಹಾಡಿದರು, 1991ರ ತೀರ್ಪು ಮಾತ್ರ ಅವರ ವಿರುದ್ಧವಾಗಿತ್ತು. 1997ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸುತ್ತ, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗೆ ಸಮನಾಗಿ ಪರಿಗಣಿಸಬೇಕೆಂದು ಹೇಳಿತು. 1911ರಲ್ಲಿ ನ್ಯಾಯಾಲಯದ ಮುಂದೆ ಬಾರದಂತೆ ತಡೆದ ಪ್ರಶ್ನೆ, ಹಾಡಿನ ರೂಪದಲ್ಲಿ ಅಲ್ಲಿಗೇ ತಲುಪಿತು.

ರೈಲ್ವೆಯ ಸಾಲ, ಆರ್ಥಿಕ ಮುಗ್ಗಟ್ಟು ಮತ್ತು ಅನಾರೋಗ್ಯದಿಂದ ಬಳಲಿದ ಮ್ಯಾಕ್‌ಬ್ರೈಡ್ 1915ರ ಡಿಸೆಂಬರ್ 15ರಂದು, ತನ್ನ ನಲವತ್ತೈದನೆಯ ಹುಟ್ಟುಹಬ್ಬದಂದೇ ಅಧಿಕಾರ ತ್ಯಜಿಸಿ ಲಂಡನ್ನಿನಲ್ಲಿ ಪ್ರಾಂತ್ಯದ ಪ್ರತಿನಿಧಿಯಾದ. 1917ರ ಆಗಸ್ಟ್ 6ರಂದು ಅಲ್ಲಿಯೇ ತೀರಿಕೊಂಡ. ರೈಲುಹಾದಿ, ವಿಶ್ವವಿದ್ಯಾಲಯ, ಪಕ್ಷವ್ಯವಸ್ಥೆ ಆತನ ಕೊಡುಗೆಗಳೆಂಬುದು ನಿರ್ವಿವಾದ. ಆದರೆ ಆತನ ಹೆಸರು ಇಂದಿಗೂ ಹೆಚ್ಚಾಗಿ ಅಂಟಿಕೊಂಡಿರುವುದು ಆ ಆಯೋಗದ ಕಡತಗಳಿಗೆ. ಆತನ ಜನಪ್ರಿಯತೆ ಯಾರನ್ನು ‘ಜನ’ವೆಂದು ಎಣಿಸಲಿಲ್ಲವೋ ಅವರ ದನಿ ಆತನ ಹೆಸರಿನಡಿಯಲ್ಲಿಯೇ ಉಳಿದುಬಂದಿದೆ.