ಮಾಲ್ ಬಿಟ್ಟು ಮಾರ್ಕೆಟ್‌ಗೆ ಬನ್ನಿ: ಅಮೆರಿಕದಲ್ಲಿ ರೈತರು ನೋಡಬೇಕಾದ ಸಂತೆ, ಅಂಗಡಿಗಳು

ಅಕ್ಕನ ಮನೆಗೋ, ತರಬೇತಿಗೋ, ಅಪ್ಪ-ಅಮ್ಮನನ್ನು ಬಿಟ್ಟು ಬರೋದಕ್ಕೋ, ಹಳ್ಳಿಗಳಿಂದ ಅಮೆರಿಕಕ್ಕೆ ಹೋಗಿಬರುವವರು ಈಗ ಅಪರೂಪವೇನಲ್ಲ. ಹೋದವರನ್ನು ಅಲ್ಲಿನ ಬಂಧುಗಳು ಮೊದಲು ಕರೆದುಕೊಂಡು ಹೋಗೋದು ಮಾಲ್‌ಗೆ. ಆಮೇಲೆ ಔಟ್‌ಲೆಟ್ ಅಂಗಡಿಗೆ. ವಾಪಸ್ ಬರುವಾಗ ಸೂಟ್‌ಕೇಸ್ ತುಂಬ ಚಾಕೊಲೇಟು, ಶೂ, ಪರ್ಫ್ಯೂಮ್. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಬೆಳೆ ಬೆಳೆದು ಮಾರುವ ನಮ್ಮಂಥವರು ಅಷ್ಟು ದೂರ ಹೋಗಿ ಬರೀ ಮಾಲ್ ನೋಡಿ ಬಂದರೆ ಟಿಕೆಟ್ ದುಡ್ಡಿನ ಅರ್ಧ ವ್ಯರ್ಥ.

ಯಾಕೆ ಅಂದರೆ ನಮ್ಮ ತಲೆನೋವೇ ಅಲ್ಲಿನ ರೈತರದ್ದೂ. ಅಮೆರಿಕದ ಕೃಷಿ ಇಲಾಖೆಯ ಇತ್ತೀಚಿನ ವರ್ಷಗಳ ಲೆಕ್ಕದಲ್ಲಿ, ಗ್ರಾಹಕ ಆಹಾರಕ್ಕೆ ಖರ್ಚು ಮಾಡುವ ಒಂದು ಡಾಲರ್‌ನಲ್ಲಿ ರೈತನಿಗೆ ಸೇರೋದು ಸುಮಾರು 15-16 ಸೆಂಟ್. ಉಳಿದದ್ದೆಲ್ಲ ಪ್ಯಾಕಿಂಗ್, ಸಾಗಣೆ, ಅಂಗಡಿ, ಹೋಟೆಲ್ ಪಾಲು. ಆ ಮಿಕ್ಕ ಪಾಲಿನಲ್ಲಿ ಒಂದಿಷ್ಟನ್ನಾದರೂ ತಾವೇ ಉಳಿಸಿಕೊಳ್ಳೋಣ ಅಂತ ರೈತರು ಕಟ್ಟಿಕೊಂಡ ಜಾಗಗಳು ಆ ದೇಶದ ತುಂಬ ಇವೆ. ಪಶ್ಚಿಮ ತುದಿಯ ಕ್ಯಾಲಿಫೋರ್ನಿಯಾದಿಂದ ಶುರು ಮಾಡಿ ಪೂರ್ವದ ನ್ಯೂಯಾರ್ಕ್‌ವರೆಗೆ ಒಂದು ಸುತ್ತು ಹಾಕೋಣ.

ಲಾಸ್ ಏಂಜಲೀಸ್‌ನಲ್ಲಿ ಥರ್ಡ್ ಮತ್ತು ಫೇರ್‌ಫ್ಯಾಕ್ಸ್ ರಸ್ತೆಗಳು ಸೇರುವ ಕಡೆ ‘ಫಾರ್ಮರ್ಸ್ ಮಾರ್ಕೆಟ್’ ಅಂತ ಒಂದು ಪ್ರಸಿದ್ಧ ಜಾಗ ಇದೆ. 1934ರಲ್ಲಿ, ಅಲ್ಲಿ ಆರ್ಥಿಕ ಕುಸಿತ ಜೋರಾಗಿದ್ದಾಗ, ಒಂದಷ್ಟು ರೈತರು ದಿನಕ್ಕೆ 50 ಸೆಂಟ್ ಬಾಡಿಗೆ ಕೊಟ್ಟು ಖಾಲಿ ಜಾಗದಲ್ಲಿ ಟ್ರಕ್ ನಿಲ್ಲಿಸಿ ಹಿಂದಿನ ಡಾಲಾ ಬಿಚ್ಚಿ ಮಾರಿದ್ದೇ ಅದರ ಹುಟ್ಟು. ಈಗ ಅಲ್ಲಿರೋದು ಹೆಚ್ಚಾಗಿ ತಿಂಡಿ ಅಂಗಡಿಗಳು, ಉಡುಗೊರೆ ಅಂಗಡಿಗಳು. ಹೆಸರು ಕೇಳಿ ರೈತರನ್ನು ಹುಡುಕಿಕೊಂಡು ಹೋದರೆ ನಿರಾಸೆಯೇ. ನಿಜವಾದ ರೈತರನ್ನು ನೋಡಬೇಕಿದ್ದರೆ ಬುಧವಾರ ಬೆಳಗ್ಗೆ ಸಾಂಟಾ ಮೋನಿಕಾಕ್ಕೆ ಹೋಗಿ. 1981ರಲ್ಲಿ ಶುರುವಾದ ಈ ಬೀದಿ ಸಂತೆಗೆ ದೊಡ್ಡ ದೊಡ್ಡ ಹೋಟೆಲ್‌ಗಳ ಬಾಣಸಿಗರೇ ಕೈಗಾಡಿ ತಳ್ಳಿಕೊಂಡು ಬರ್ತಾರೆ.

ಅಲ್ಲಿ ಹಣ್ಣಿಗಿಂತ ಮೊದಲು ಮಳಿಗೆಯಲ್ಲಿ ತೂಗುಹಾಕಿರುವ ಕಾಗದ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಗಾತ್ರ, ಗ್ರೇಡ್, ಪ್ಯಾಕಿಂಗ್ ಅಂತ ನೂರೆಂಟು ನಿಯಮ ಇದ್ದಿದ್ದರಿಂದ ಸಣ್ಣ ರೈತರು ಊರಿಗೆ ಬಂದು ನೇರವಾಗಿ ಮಾರೋದೇ ಕಷ್ಟವಾಗಿತ್ತು. 1977ರಲ್ಲಿ ಆ ನಿಯಮಗಳಿಂದ ರೈತರ ಸಂತೆಗಳಿಗೆ ವಿನಾಯಿತಿ ಸಿಕ್ಕಿತು. ಷರತ್ತು ಒಂದೇ: ಮಾರುವ ಬೆಳೆ ತಾನೇ ಬೆಳೆದದ್ದಾಗಿರಬೇಕು. ಯಾವ ಜಮೀನಿನಲ್ಲಿ ಏನೇನು ಬೆಳೆದಿದ್ದೀನಿ ಅಂತ ಜಿಲ್ಲಾ ಕೃಷಿ ಅಧಿಕಾರಿಯ ಪ್ರಮಾಣಪತ್ರ ಪಡೆದು ಮಳಿಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಪಟ್ಟಿಯಲ್ಲಿ ಇಲ್ಲದ ಬೆಳೆ ಮೇಜಿನ ಮೇಲೆ ಇದ್ದರೆ ಪ್ರಶ್ನೆ ಬರುತ್ತೆ.

ಹಾಗಂತ ಅಲ್ಲಿ ಮೋಸವೇ ಇಲ್ಲ ಅಂದ್ಕೋಬೇಡಿ. ಸಗಟು ಮಾರುಕಟ್ಟೆಯಿಂದ ಪೆಟ್ಟಿಗೆ ತಂದು ‘ನಮ್ಮ ತೋಟದ್ದು’ ಅಂತ ಮಾರುವವರು ಅಲ್ಲೂ ಇದ್ದರು. ಅದಕ್ಕೇ 2014ರಲ್ಲಿ ಇನ್ನೊಂದು ಕಾನೂನು ಮಾಡಿದರು. ಪ್ರತಿ ಮಳಿಗೆಯಲ್ಲೂ ತೋಟದ ಹೆಸರು, ಯಾವ ಜಿಲ್ಲೆ ಅನ್ನೋದರ ಜೊತೆಗೆ ‘ನಾವು ಬೆಳೆದದ್ದನ್ನೇ ಮಾರ್ತೀವಿ’ ಅನ್ನುವ ಅರ್ಥದ ಬೋರ್ಡ್ ಕಡ್ಡಾಯ. ತಪಾಸಣೆಗೆ ದುಡ್ಡು ಬೇಕಲ್ಲ, ಅದಕ್ಕಾಗಿ ಮಾರಾಟಗಾರರ ಶುಲ್ಕವನ್ನೂ ಏರಿಸಿದರು. ರೈತ ಸಂತೆ ಅಂತ ಹೆಸರಿಟ್ಟು ಕೊನೆಗೆ ವ್ಯಾಪಾರಿಗಳೇ ತುಂಬಿಕೊಂಡಿದ್ದನ್ನು ನೋಡಿರುವ ನಮಗೆ ಈ ಒಂದು ಕಾಗದದ ಬೆಲೆ ಬೇಗ ಅರ್ಥವಾಗುತ್ತೆ. ಅನುಮತಿ ಕೇಳಿ ಅದರ ಫೋಟೊ ತೆಗೆದುಕೊಳ್ಳಿ. ನಿಮ್ಮ ಎಫ್‌ಪಿಒ ಸಭೆಯಲ್ಲಿ ತೋರಿಸೋಕೆ ಅದಕ್ಕಿಂತ ಒಳ್ಳೆ ಚಿತ್ರ ಸಿಗಲ್ಲ.

ಅದೇ ಲಾಸ್ ಏಂಜಲೀಸ್ ಪಕ್ಕದ ಬ್ಯೂನಾ ಪಾರ್ಕ್‌ನಲ್ಲಿ ‘ನಾಟ್ಸ್ ಬೆರ್ರಿ ಫಾರ್ಮ್’ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಥೀಮ್ ಪಾರ್ಕ್ ಅದು. ಶುರುವಾಗಿದ್ದು ಮಾತ್ರ ರಸ್ತೆ ಪಕ್ಕದ ಹಣ್ಣಿನ ಅಂಗಡಿಯಿಂದ. ವಾಲ್ಟರ್ ನಾಟ್ 1920ರಲ್ಲಿ ಗುತ್ತಿಗೆ ಜಮೀನಿನಲ್ಲಿ ಬೆರ್ರಿ ಬೆಳೆಯೋಕೆ ಬಂದವರು. ರುಡಾಲ್ಫ್ ಬಾಯ್ಸನ್ ಅನ್ನುವವರು ಬೆಳೆಸಿ ಕೈಬಿಟ್ಟಿದ್ದ ತಳಿಯ ಒಣಗುತ್ತಿದ್ದ ಗಿಡಗಳನ್ನು ತಂದು ಬದುಕಿಸಿ, ಆ ಹಣ್ಣಿಗೆ ‘ಬಾಯ್ಸನ್‌ಬೆರ್ರಿ’ ಅಂತ ಅವರದ್ದೇ ಹೆಸರಿಟ್ಟು ಮಾರಿದರು. ಹೆಂಡತಿ ಕಾರ್ಡೀಲಿಯಾ ಜಾಮ್, ಪೈ ಮಾಡ್ತಿದ್ದರು. 1934ರಲ್ಲಿ ಆಕೆ ಮದುವೆಯಲ್ಲಿ ಬಂದಿದ್ದ ತಟ್ಟೆಗಳಲ್ಲೇ ಎಂಟು ಜನಕ್ಕೆ ಕೋಳಿ ಊಟ ಬಡಿಸಿ ತಲೆಗೆ 65 ಸೆಂಟ್ ತಗೊಂಡರು. ಊಟಕ್ಕೆ ಕ್ಯೂ ಬೆಳೀತು. ಕಾಯುವ ಜನಕ್ಕೆ ಬೇಜಾರಾಗದಿರಲಿ ಅಂತ ಏನೇನೋ ಕಟ್ಟುತ್ತಾ ಹೋಗಿ ಅದು ಪಾರ್ಕ್ ಆಯ್ತು. ಟಿಕೆಟ್ ದುಬಾರಿ, ಹೊರಗಿನ ಅಂಗಡಿಯಲ್ಲಿ ಒಂದು ಬಾಟಲಿ ಬಾಯ್ಸನ್‌ಬೆರ್ರಿ ಜಾಮ್ ಕೊಂಡರೂ ಸಾಕು.

ಅಲ್ಲಿಂದ ಐ-5 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸಿಯಾಟಲ್. ಇಲ್ಲಿನ ‘ಪೈಕ್ ಪ್ಲೇಸ್ ಮಾರ್ಕೆಟ್’ ಹುಟ್ಟಿದ್ದು ಈರುಳ್ಳಿಯಿಂದ ಅಂದರೆ ನಂಬ್ತೀರಾ? 1906-07ರ ಸುಮಾರಿಗೆ ಅಲ್ಲಿ ಈರುಳ್ಳಿ ಬೆಲೆ ಹತ್ತು ಪಟ್ಟು ಏರಿತ್ತಂತೆ. ಗ್ರಾಹಕ ಬಾಯಿ ಬಡ್ಕೊಳ್ತಿದ್ದ, ರೈತನ ಕೈಗೆ ಮಾತ್ರ ಏನೂ ಸಿಗ್ತಿರಲಿಲ್ಲ. ಲಾಭವೆಲ್ಲ ಮಧ್ಯವರ್ತಿಗಳದ್ದು. ಥಾಮಸ್ ರೆವೆಲ್ ಅನ್ನುವ ನಗರಸಭಾ ಸದಸ್ಯರು ರೈತರೇ ಬಂದು ಮಾರುವ ಜಾಗಕ್ಕೆ ಪ್ರಸ್ತಾವ ತಂದರು. 1907ರ ಆಗಸ್ಟ್ 17ರಂದು ಬೆರಳೆಣಿಕೆಯಷ್ಟು ರೈತರು ಗಾಡಿ ಕಟ್ಟಿಕೊಂಡು ಬಂದರು. ಕಾಯ್ತಾ ಇದ್ದ ಜನ ಸಾವಿರಾರು. ಮಧ್ಯಾಹ್ನದ ಹೊತ್ತಿಗೆ ಗಾಡಿಗಳೆಲ್ಲ ಖಾಲಿ.

ಅದರ ಮುಂದಿನ ಕಥೆಯಲ್ಲಿ ನೋವೂ ಇದೆ. ಎರಡನೇ ಮಹಾಯುದ್ಧಕ್ಕೆ ಮೊದಲು ಇಲ್ಲಿ ಮಾರುತ್ತಿದ್ದ ರೈತರಲ್ಲಿ ದೊಡ್ಡ ಪಾಲು ಜಪಾನಿ ಮೂಲದವರು. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. ಮಳಿಗೆಗಳು ರಾತ್ರೋರಾತ್ರಿ ಖಾಲಿಯಾದವು. ಬಹಳಷ್ಟು ಕುಟುಂಬಗಳು ಜಮೀನಿಗೆ ವಾಪಸ್ ಬರಲೇ ಇಲ್ಲ. ಮಾರ್ಕೆಟ್ ಸೊರಗಿತು, ಕೆಡವಿ ದೊಡ್ಡ ಕಟ್ಟಡ ಕಟ್ಟುವ ಯೋಜನೆಯೂ ಬಂತು. ವಿಕ್ಟರ್ ಸ್ಟೈನ್‌ಬ್ರೂಕ್ ಎಂಬ ವಾಸ್ತುಶಿಲ್ಪಿಯ ಜೊತೆ ಊರಿನವರು ಹೋರಾಡಿ 1971ರಲ್ಲಿ ಮತ ಹಾಕಿ ಅದನ್ನು ಉಳಿಸಿಕೊಂಡರು. ಇವತ್ತಿಗೂ ಅದರ ಘೋಷವಾಕ್ಯ ‘ಬೆಳೆದವರನ್ನೇ ಭೇಟಿ ಮಾಡಿ’ ಅಂತಲೇ. ಮೀನು ಎಸೆಯುವ ಅಂಗಡಿ ಮುಂದೆ ಎಲ್ಲರೂ ವಿಡಿಯೊ ಮಾಡ್ತಾರೆ. ನೀವು ಅಲ್ಲೇ ನಿಲ್ಲದೆ ಹೂವಿನ ಸಾಲಿಗೆ ಹೋಗಿ, ಒಂದು ಕಟ್ಟು ಹೂವನ್ನು ಹೇಗೆ ಜೋಡಿಸಿ ಯಾವ ಬೆಲೆಗೆ ಮಾರ್ತಾರೆ ನೋಡಿ. ಸೇವಂತಿಗೆ, ಡೇಲಿಯಾ ಬೆಳೆಯುವವರಿಗೆ ಅಲ್ಲಿ ಅರ್ಧ ದಿನದ ಪಾಠ ಇದೆ.

ಸಿಯಾಟಲ್‌ನಿಂದ ಪೂರ್ವಕ್ಕೆ ಐ-90 ಹೆದ್ದಾರಿ. ಬಯಲು, ಬಯಲು, ಬಯಲು. ದಕ್ಷಿಣ ಡಕೋಟಾದ ಆ ಬಯಲಿನ ನಡುವೆ ವಾಲ್ ಅನ್ನುವ ಪುಟ್ಟ ಊರಿನಲ್ಲಿ ‘ವಾಲ್ ಡ್ರಗ್’ ಎಂಬ ಅಂಗಡಿ ಇದೆ. 1931ರಲ್ಲಿ ಔಷಧಿ ಅಂಗಡಿ ಕೊಂಡ ಟೆಡ್ ಹಸ್ಟೆಡ್‌ಗೆ ಗಿರಾಕಿಗಳೇ ಇರಲಿಲ್ಲ. 1936ರ ಬೇಸಿಗೆಯಲ್ಲಿ ಹೆಂಡತಿ ಡೊರೊಥಿ, ‘ಐಸ್ ನೀರು ಉಚಿತ’ ಅಂತ ರಸ್ತೆ ಬದಿ ಬೋರ್ಡ್ ಹಾಕೋಣ ಅಂದರು. ಅಷ್ಟೇ, ಕಾರುಗಳು ತಿರುಗಿದವು. ಈಗಲೂ ನೀರು ಉಚಿತ, ಬೋರ್ಡ್‌ಗಳು ಹೆದ್ದಾರಿ ಉದ್ದಕ್ಕೂ. ಕೊಳ್ಳುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ. ಆದರೆ ಹೆದ್ದಾರಿ ಪಕ್ಕ ಎಳನೀರು, ಸೀಬೆ ಮಾರೋಕೆ ಕೂತವರು ಒಮ್ಮೆ ನೋಡಬೇಕಾದ ಅಂಗಡಿ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ವಿಸ್ಕಾನ್ಸಿನ್‌ನ ಮ್ಯಾಡಿಸನ್. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಶನಿವಾರಗಳಂದು ಆ ರಾಜ್ಯದ ವಿಧಾನಸೌಧದ ಸುತ್ತ ‘ಡೇನ್ ಕೌಂಟಿ ಫಾರ್ಮರ್ಸ್ ಮಾರ್ಕೆಟ್’ ನೆರೆಯುತ್ತೆ. 1972ರಿಂದ ನಡೀತಿದೆ. ಬೆಳೆದವರೇ ಮಾರಬೇಕು, ಕೊಂಡು ತಂದು ಮಾರುವಂತಿಲ್ಲ. ಈ ಬಗೆಯ ಸಂತೆಗಳಲ್ಲಿ ಅಮೆರಿಕದಲ್ಲೇ ಅತಿ ದೊಡ್ಡದು ಅಂತ ಹೆಸರು. ಜನ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ನೀವು ಉಲ್ಟಾ ಹೊರಟರೆ ಎದುರಿಗೆ ಬರುವವರೆಲ್ಲ ಡಿಕ್ಕಿ! ಹೈನುಗಾರಿಕೆಯ ನಾಡು ಅದು. ಅಲ್ಲಿ ‘ಚೀಸ್ ಕರ್ಡ್’ ತಿನ್ನಿ. ಅದು ಚೀಸ್ ಮಾಡುವಾಗ ಸಿಗುವ ಗಟ್ಟಿ ಗಿಣ್ಣಿನಂಥ ತುಂಡುಗಳು, ತಾಜಾ ಇದ್ದರೆ ಹಲ್ಲಿನ ನಡುವೆ ಕಿರ್‌ಕಿರ್ ಅನ್ನುತ್ತೆ. ಹಾಲನ್ನು ಹಾಲಾಗಿಯೇ ಡೇರಿಗೆ ಹಾಕದೆ ಏನೇನು ಮಾಡಬಹುದು ಅಂತ ಯೋಚಿಸುವವರು ಅಲ್ಲಿನ ಚೀಸ್ ಮಳಿಗೆಗಳ ಮುಂದೆ ನಿಧಾನವಾಗಿ ನಡೆಯಬೇಕು.

ಈ ಭಾಗದಲ್ಲಿ ಇರುವಾಗ ಒಂದು ಸಾಮಾನ್ಯ ಸೂಪರ್ ಮಾರ್ಕೆಟ್‌ಗೂ ಹೋಗಿ. ಉಪ್ಪಿನಕಾಯಿ ಸಾಲಿನಲ್ಲಿ ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಸೌತೆಕಾಯಿಯ ಬಾಟಲಿಗಳು ಇರ್ತವೆ. ಅವುಗಳನ್ನು ತಿರುಗಿಸಿ ಸಣ್ಣಕ್ಷರ ಓದಿ. ಕೆಲವದರಲ್ಲಿ ‘ಭಾರತದ ಉತ್ಪನ್ನ’ ಅಂತ ಇರುತ್ತೆ. 1990ರ ದಶಕದಲ್ಲಿ ಗರ್ಕಿನ್, ಅಂದರೆ ನಮ್ಮ ಮಿಡಿಸೌತೆ, ಭಾರತದಲ್ಲಿ ರಫ್ತಿಗಾಗಿ ಬೆಳೆಯೋಕೆ ಶುರುವಾಗಿದ್ದೇ ಕರ್ನಾಟಕದಲ್ಲಿ. ಒಪ್ಪಂದ ಕೃಷಿ, ಸಣ್ಣ ರೈತರು, ದಿನಾ ಬಗ್ಗಿ ಬಗ್ಗಿ ಕೀಳುವ ಕೆಲಸ. ಮ್ಯಾಡಿಸನ್ ಸಂತೆಯಲ್ಲಿ ಒಂದು ಕಂತೆ ಸೊಪ್ಪಿಗೂ ತೋಟದ ಹೆಸರಿನ ಬೋರ್ಡ್ ಇತ್ತು. ಈ ಬಾಟಲಿಯ ಮೇಲೆ ಕಂಪನಿಯ ಹೆಸರಿದೆ, ದೇಶದ ಹೆಸರಿದೆ. ಯಾವ ತಾಲ್ಲೂಕು, ಯಾರ ಹೊಲ ಅನ್ನೋದು ಎಲ್ಲೂ ಇಲ್ಲ. ಬೆಲೆಯನ್ನೂ ನೋಡಿಕೊಳ್ಳಿ, ಊರಿಗೆ ಬಂದು ಕಿಲೋಗೆ ಎಷ್ಟು ಸಿಗ್ತಿದೆ ಅಂತ ಬೆಳೆದವರನ್ನು ಕೇಳಿದರೆ ಲೆಕ್ಕ ನೀವೇ ಹಾಕಬಹುದು.

ಲೆಕ್ಕ ಹಾಕುವಾಗ ಎರಡು ಎಚ್ಚರ. ಅಲ್ಲಿ ಬೆಲೆ ಪೌಂಡ್ ಲೆಕ್ಕದಲ್ಲಿ, ಒಂದು ಪೌಂಡ್ ಅಂದರೆ 454 ಗ್ರಾಂ. ಕಿಲೋ ಬೆಲೆ ಬೇಕಂದರೆ 2.2ರಿಂದ ಗುಣಿಸಿ. ಇನ್ನೊಂದು, ಚೀಟಿಯ ಮೇಲಿನ ಬೆಲೆಗೆ ಬಿಲ್ಲಿಂಗ್‌ನಲ್ಲಿ ಬಹಳಷ್ಟು ವಸ್ತುಗಳಿಗೆ ರಾಜ್ಯದ ತೆರಿಗೆ ಸೇರುತ್ತೆ. ಒರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಇಲ್ಲ. ದುಬಾರಿ ವಸ್ತು ಕೊಳ್ಳೋದಿದ್ದರೆ ಅಲ್ಲೇ ಕೊಳ್ಳಿ.

ರೈತರಿಗೆ ಬಟ್ಟೆ ಅಂಗಡಿಗಿಂತ ಖುಷಿ ಕೊಡುವುದು ‘ಟ್ರ್ಯಾಕ್ಟರ್ ಸಪ್ಲೈ’. 1938ರಲ್ಲಿ ಅಂಚೆ ಮೂಲಕ ಟ್ರ್ಯಾಕ್ಟರ್ ಬಿಡಿಭಾಗ ಕಳಿಸುವ ವ್ಯಾಪಾರವಾಗಿ ಶುರುವಾಗಿ ಈಗ 2,000ಕ್ಕೂ ಹೆಚ್ಚು ಮಳಿಗೆಗಳಿವೆ, ಹೆಚ್ಚಾಗಿ ಹಳ್ಳಿಗಳ ಹತ್ತಿರ. ಬೇಲಿ ತಂತಿ, ದನದ ಮೇವು, ಬೂಟು ಎಲ್ಲ ಒಂದೇ ಕಡೆ. ವಸಂತ ಕಾಲದಲ್ಲಿ ಅಂಗಡಿಯೊಳಗೇ ತೊಟ್ಟಿಯಲ್ಲಿ ಕೋಳಿಮರಿ ಮಾರ್ತಾರೆ. ನೋಡಿದ್ದೆಲ್ಲ ಬೇಕು ಅನ್ನಿಸುತ್ತೆ, ಆದರೆ ತಡೀರಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಮೊಟ್ಟೆ ಮರಿ ಮಾಡುವ ಯಂತ್ರವೋ ಡ್ರಿಲ್ಲೋ ತಂದು ನೇರ ಸಿಕ್ಕಿಸಿದರೆ ಹೊಗೆ. ಪೈಪ್ ಫಿಟ್ಟಿಂಗ್, ಸ್ಪ್ರಿಂಕ್ಲರ್‌ಗಳ ಮರೆಯ ಅಳತೆಯೇ ಬೇರೆ, ನಮ್ಮ ಡ್ರಿಪ್ ಪೈಪಿಗೆ ಕೂರಲ್ಲ. ಒಳ್ಳೆ ಸವರುವ ಕತ್ತರಿ, ಕೈಗರಗಸ, ಚರ್ಮದ ಗ್ಲೌಸ್, ಹಣ್ಣಿನ ಸಿಹಿ ಅಳೆಯುವ ಕೈ ರಿಫ್ರ್ಯಾಕ್ಟೋಮೀಟರ್, ಇಂಥವು ತರಬಹುದು. ಅದಕ್ಕೂ ಮೊದಲು ಫೋನ್ ತೆಗೆದು ಇಲ್ಲಿನ ಆನ್‌ಲೈನ್ ಬೆಲೆ ನೋಡಿ. ಎಷ್ಟೋ ಸಲ ಅದೇ ಚೀನಾ ಮಾಲು ನಮ್ಮಲ್ಲೇ ಅಗ್ಗ. ಕತ್ತರಿ, ಗರಗಸ ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ.

ಪೂರ್ವದ ಪೆನ್ಸಿಲ್ವೇನಿಯಾದಲ್ಲಿ ಲ್ಯಾಂಕಾಸ್ಟರ್ ಸುತ್ತಮುತ್ತ ಆಮಿಶ್ ಜನರ ಹಳ್ಳಿಗಳಿವೆ. ಕುದುರೆ ಕಟ್ಟಿ ಉಳುವ, ಕಂಬದ ಕರೆಂಟ್ ತಗೊಳ್ಳದ ಕ್ರೈಸ್ತ ಪಂಗಡ. ಅವರ ತೋಟದ ಗೇಟಿನ ಮುಂದೆ ತರಕಾರಿ, ಮೊಟ್ಟೆ, ಜಾಮ್ ಇಟ್ಟ ಮೇಜು, ಪಕ್ಕದಲ್ಲಿ ದುಡ್ಡಿನ ಡಬ್ಬಿ. ಕೆಲವು ಕಡೆ ಮಾರುವವರೇ ಇರಲ್ಲ, ನೀವೇ ಹಾಕಿ ಹೋಗಬೇಕು. ಭಾನುವಾರ ವ್ಯಾಪಾರ ಇಲ್ಲ. ದಯವಿಟ್ಟು ಅವರ ಮುಖದ ಫೋಟೊ ತೆಗೀಬೇಡಿ, ಅದು ಅವರ ನಂಬಿಕೆಗೆ ವಿರುದ್ಧ. ಲ್ಯಾಂಕಾಸ್ಟರ್ ಪಟ್ಟಣದ ಸೆಂಟ್ರಲ್ ಮಾರ್ಕೆಟ್ 1730ರಷ್ಟು ಹಳೆಯದು, ಕಟ್ಟಡ 1889ರದ್ದು. ವಾರದ ಎಲ್ಲ ದಿನ ತೆರೆದಿರಲ್ಲ, ನೋಡಿಕೊಂಡು ಹೊರಡಿ.

ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್ ‘ಗ್ರೀನ್‌ಮಾರ್ಕೆಟ್’ 1976ರಲ್ಲಿ ಬ್ಯಾರಿ ಬೆನೆಪ್ ಮತ್ತು ಬಾಬ್ ಲೂಯಿಸ್ ಸೇರಿ ಕಟ್ಟಿದ್ದು. ಸೋಮ, ಬುಧ, ಶುಕ್ರ, ಶನಿವಾರ, ಚಳಿಗಾಲದಲ್ಲೂ ನಡೆಯುತ್ತೆ. ಎಷ್ಟು ದೂರದ ರೈತರು ಬರಬಹುದು ಅಂತಲೂ ಗಡಿ ಇದೆ: ದಕ್ಷಿಣಕ್ಕೆ 120 ಮೈಲಿ, ಪೂರ್ವ-ಪಶ್ಚಿಮಕ್ಕೆ 170, ಉತ್ತರಕ್ಕೆ 250. ಬಡವರಿಗೆ ಸರ್ಕಾರ ಕೊಡುವ ಆಹಾರ ನೆರವಿನ ಕಾರ್ಡನ್ನು ಇಲ್ಲಿ ಉಜ್ಜಿ ಟೋಕನ್ ಪಡೆದು ರೈತರ ಹತ್ತಿರವೇ ತರಕಾರಿ ಕೊಳ್ಳಬಹುದು. ಹಿಮ ಬೀಳುವ ಜನವರಿಯಲ್ಲಿ ರೈತರು ಏನು ಮಾರ್ತಾರೆ? ಗೆಡ್ಡೆಗಳು, ಶೀತಲಗೃಹದ ಸೇಬು, ಸೇಬಿನ ರಸ, ಕುರಿ ಉಣ್ಣೆಯ ದಾರ. ಹಂಗಾಮು ಮುಗಿದ ಮೇಲೂ ಮೇಜು ಖಾಲಿ ಬಿಡಲ್ಲ.

ಊರಿಗೆ ಹೊರಡುವ ಮುನ್ನ ಬೀಜದ ವಿಷಯ. ಬಣ್ಣಬಣ್ಣದ ಮುಸುಕಿನ ಜೋಳ, ಟೊಮೆಟೊ ಬೀಜದ ಪೊಟ್ಟಣ ನೋಡಿದರೆ ಕೈ ತಡೆಯೋದು ಕಷ್ಟ. ಆದರೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ, ಕಡ್ಡಿ, ಗಿಡ ತರುವಂತಿಲ್ಲ. ಒಂದು ಪೊಟ್ಟಣದಿಂದ ಏನಾಗುತ್ತೆ ಅನ್ನೋರು ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನು ನೆನೆಸಿಕೊಳ್ಳಿ. ಅದು ಅಮೆರಿಕ ಖಂಡಗಳ ಕೀಟ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು, 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗದಲ್ಲಿ. ಯಾರೋ ಪ್ರಯಾಣಿಕರು ಬ್ಯಾಗಿನಲ್ಲಿ ತಂದರು ಅಂತಲ್ಲ. ಹೊರಗಿನ ಒಂದು ಕೀಟ ಒಳಗೆ ಬಂದರೆ ಔಷಧಿ ಖರ್ಚು ಎಲ್ಲಿಗೆ ಹೋಗುತ್ತೆ ಅಂತ ಮೆಕ್ಕೆಜೋಳ ಬೆಳೆದವರಿಗೆ ಗೊತ್ತು. ಬೀಜದ ಪೊಟ್ಟಣದ ಫೋಟೊ ತನ್ನಿ, ತಳಿಯ ಹೆಸರು ಬರೆದುಕೊಳ್ಳಿ, ಇಲ್ಲಿ ಸಿಗುತ್ತಾ ಅಂತ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಅಲ್ಲಿನ ತೋಟಗಳಲ್ಲಿ ಓಡಾಡಿದ ಬೂಟು ಇದ್ದರೆ, ಸೂಟ್‌ಕೇಸಿಗೆ ಹಾಕುವ ಮುನ್ನ ತಳದ ಮಣ್ಣು ಪೂರ್ತಿ ಹೋಗುವ ಹಾಗೆ ತೊಳೆದು ಒಣಗಿಸಿ.